ಕೆಮ್ಮಣ್ಣುಗುಂಡಿಯ ಕಲ್ಲಿಗೆ ವಯಸ್ಸು ಹೇಳಿದ ಬೂದಿ

ಕೆಮ್ಮಣ್ಣುಗುಂಡಿಗೆ ಹೆಸರಿಟ್ಟವರು ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾರೆ. ಮಣ್ಣು ಕೆಂಪಾಗಿರುವುದಕ್ಕೆ ಕಾರಣ ಕಬ್ಬಿಣ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದೂ ಇಲ್ಲಿಂದಲೇ. ರಸ್ತೆ ಬದಿಗೆ ಉರುಳಿದ ಕಲ್ಲೊಂದನ್ನು ಎತ್ತಿ ನೋಡಿ, ಗಾತ್ರಕ್ಕೆ ಮೀರಿದ ಭಾರ. ಒಡೆದ ಮುಖದ ತುಂಬ ಗೆರೆಗಳು: ಕಪ್ಪು, ಬಿಳಿ, ಮತ್ತೆ ಕಪ್ಪು, ನಡುನಡುವೆ ತುಕ್ಕಿನ ಕೆಂಪು. ನಮ್ಮ ಕಡೆ ಪತ್ರೊಡೆ ಕೊಯ್ದಾಗ ಎಲೆ, ಹಿಟ್ಟು, ಎಲೆ, ಹಿಟ್ಟು ಎಂದು ಕಾಣುತ್ತದಲ್ಲ, ಹಾಗೆ. ಕಪ್ಪು ಗೆರೆ ಕಬ್ಬಿಣದ ಆಕ್ಸೈಡ್, ಅಯಸ್ಕಾಂತವನ್ನು ಎಳೆಯುತ್ತದೆ. ಬಿಳಿಯದು ಸಿಲಿಕಾ. ಎರಡೂ ಒಂದಾನೊಂದು ಕಾಲದ ಸಮುದ್ರದ ತಳದಲ್ಲಿ ಗಸಿಯಾಗಿ ಕೂತವು. ಇವತ್ತು ಮೋಡ ತಾಗುವ ಬೆಟ್ಟದ ನೆತ್ತಿಯಲ್ಲಿವೆ.

ಭೂವಿಜ್ಞಾನಿಗಳು ಈ ಪದರಗಳನ್ನು ಮುಳ್ಳಯ್ಯನಗಿರಿ ಫಾರ್ಮೇಷನ್ ಎನ್ನುತ್ತಾರೆ. ಊರೋ ಬೆಟ್ಟವೋ ಹೊಳೆಯೋ, ಕಲ್ಲು ಚೆನ್ನಾಗಿ ಕಾಣಸಿಗುವ ಜಾಗದ ಹೆಸರನ್ನೇ ಅದಕ್ಕೆ ಇಡುವುದು ಪದ್ಧತಿ. ಇಂಥ ಕೆಲವು ಫಾರ್ಮೇಷನ್‌ಗಳು ಸೇರಿ ಬಾಬಾಬುಡನ್ ಸಮೂಹ, ಅದನ್ನೂ ಒಳಗೊಂಡದ್ದು ಧಾರವಾಡ ಮಹಾಸಮೂಹ. ಧಾರವಾಡದ ಹೆಸರನ್ನು 19ನೇ ಶತಮಾನದಲ್ಲಿ ಬಳಕೆಗೆ ತಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಫಾರ್ಮೇಷನ್‌ನ ಹೆಸರಿನಲ್ಲಿ ವಯಸ್ಸಿಗೆ ಜಾಗವಿಲ್ಲ. ಇದು ತುಂಬ ವಿವೇಕದ ಕಟ್ಟಳೆ ಎಂದು ನನಗೆ ಅನ್ನಿಸುತ್ತದೆ. ಕಲ್ಲು ಕಣ್ಣಿಗೆ ಕಾಣುತ್ತದೆ, ವಯಸ್ಸು ಕಾಣುವುದಿಲ್ಲ. ಲೆಕ್ಕ ನಾಳೆ ತಿದ್ದಿಹೋದರೂ ಹೆಸರು ನಿಲ್ಲಬೇಕು.

ಫೂಟ್ ಕಾಲದಲ್ಲಿ ಯಾವ ಪದರ ಕೆಳಗಿದೆ, ಯಾವುದು ಮೇಲಿದೆ ಎಂದಷ್ಟೇ ಹೇಳಬಹುದಿತ್ತು. ವರ್ಷದ ಲೆಕ್ಕ ಬೇಕೆಂದರೆ ಜಿರ್ಕಾನ್ ಬೇಕು. ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಈ ಹರಳು ಶಿಲಾರಸದಲ್ಲಿ ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಡುತ್ತದೆ. ಹಾಗಾಗಿ ಆಮೇಲೆ ಒಳಗೆ ಸಿಗುವ ಸೀಸವೆಲ್ಲ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಯುರೇನಿಯಂ-238 ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ, ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ.

ತೊಡಕಿರುವುದು ಗಸಿಯಿಂದ ಆದ ಕಲ್ಲಿನಲ್ಲಿ. ಮರಳುಗಲ್ಲಿನೊಳಗಿನ ಜಿರ್ಕಾನ್ ಹೊಳೆ ಹೊತ್ತು ತಂದದ್ದು. ಅದು ಹೇಳುವುದು ಮೇಲಿನ ಯಾವುದೋ ಹಳೆಯ ಬಂಡೆಯ ವಯಸ್ಸನ್ನು. ಇವತ್ತು ತುಂಗೆಯ ದಡದಲ್ಲಿ ಒಂದು ಬೊಗಸೆ ಮರಳು ತೆಗೆದರೆ ಅದರಲ್ಲೂ ಕೋಟ್ಯಂತರ ವರ್ಷದ ಹರಳುಗಳಿರುತ್ತವೆ, ಆ ಮರಳದಿಣ್ಣೆ ಮಾತ್ರ ಹೋದ ಮಳೆಗಾಲದ್ದು. ಇಲ್ಲಿ ಕೈಹಿಡಿಯುವುದು ಜ್ವಾಲಾಮುಖಿಯ ಬೂದಿ. ಬೂದಿಯ ಜಿರ್ಕಾನ್ ಹುಟ್ಟಿದ್ದಕ್ಕೂ ಅದು ಸಮುದ್ರದ ತಳ ಸೇರಿದ್ದಕ್ಕೂ ನಡುವೆ ಹೆಚ್ಚು ಅಂತರವಿರುವುದಿಲ್ಲ. ಆದ್ದರಿಂದ ಅದರ ವಯಸ್ಸೇ ಪದರದ ವಯಸ್ಸು.

ಮುಳ್ಳಯ್ಯನಗಿರಿ ಫಾರ್ಮೇಷನ್ನಿನ ಕಬ್ಬಿಣದ ಪದರಗಳು ಶುರುವಾಗುವ ತಳದಲ್ಲಿ ಅಂಥ ಜಿರ್ಕಾನ್ ಸಿಕ್ಕಿತು. 1997ರಲ್ಲಿ ಆಸ್ಟ್ರೇಲಿಯಾದ ಟ್ರೆಂಡಾಲ್ ಮತ್ತು ಸಂಗಡಿಗರು ಅದರ ವಯಸ್ಸನ್ನು ಪ್ರಕಟಿಸಿದರು: 272 ಕೋಟಿ ವರ್ಷ, ಆಚೀಚೆ 70 ಲಕ್ಷ. 70 ಲಕ್ಷ ವರ್ಷ ಕೇಳಲು ದೊಡ್ಡದು, ಒಟ್ಟು ಲೆಕ್ಕದಲ್ಲಿ ಶೇಕಡಾ ಕಾಲರಷ್ಟು. ಗಾಳಿಯಲ್ಲಿ ಆಮ್ಲಜನಕ ತುಂಬಿಕೊಳ್ಳುವುದಕ್ಕೂ ಸುಮಾರು 30 ಕೋಟಿ ವರ್ಷ ಮೊದಲಿನ ಮಾತು ಅದು. ಅಂಥ ಗಾಳಿಯ ಕೆಳಗೆ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತಿತ್ತು, ಅದಕ್ಕೇ ಸಮುದ್ರದ ತಳಕ್ಕೆ ಇಷ್ಟೊಂದು ಕಬ್ಬಿಣ ಬಂದು ಸೇರಲು ಸಾಧ್ಯವಾಯಿತು.

ಘಾಟಿಯಲ್ಲಿ ರಸ್ತೆ ಅಗಲಿಸಲು ಗುಡ್ಡ ಕಡಿದಾಗ ಇಂಥ ಪದರಗಳು ಹೊಸದಾಗಿ ಹೊರಬೀಳುತ್ತವೆ. ಕಾಂಕ್ರೀಟು ಬಳಿಯುವ ಮುನ್ನ ಯಾರಾದರೂ ಒಂದು ಸಲ ಹತ್ತಿರ ಹೋಗಿ ನೋಡಲಿ. ಕಪ್ಪು ಗೆರೆಗಳ ನಡುವೆ ಬೇರೆ ಬಣ್ಣದ, ಉಗುರಿಗೆ ಪುಡಿಯಾಗಿ ಉದುರುವ ತೆಳು ಪದರವೊಂದು ಕಂಡರೆ ಮುಟ್ಟದೆ ಫೋಟೊ ತೆಗೆದು ಹತ್ತಿರದ ಭೂವಿಜ್ಞಾನ ವಿಭಾಗಕ್ಕೆ ಕಳಿಸಲಿ.