ಜೋಡಿ ತಪ್ಪಿದ ಆಯಿಲ್ ಗೇಜ್

ಹಳೆಯ ಕಾರಿನ ಆಯಿಲ್ ಪ್ರೆಶರ್ ಮುಳ್ಳು ಸೊನ್ನೆಯ ಕಡೆ ಬಿದ್ದರೆ ಗ್ಯಾರೇಜಿನಲ್ಲಿ ಮೂರು ಸಲಹೆಗಳು ತಪ್ಪದೆ ಸಿಗುತ್ತವೆ. ದಪ್ಪ ಎಣ್ಣೆ ಹಾಕಿ. ಬೇರಿಂಗ್ ಸವೆದಿದೆ, ಇಂಜಿನ್ ಬಿಚ್ಚಿ. ಇಲ್ಲವೇ, ಥ್ರೆಡ್ ಕೂರುವ ಯಾವುದಾದರೊಂದು ಸೆಂಡರ್ (ಒತ್ತಡವನ್ನು ಅರಿತು ಗೇಜಿಗೆ ತಿಳಿಸುವ ಬಿಡಿಭಾಗ) ತಂದು ಹಾಕಿ. ಒತ್ತಡ ಎಷ್ಟಿದೆ ಎಂದು ಅಳೆಯುವ ಮೊದಲೇ ಈ ಮೂರೂ ಮಾತು ಆಡಿ ಆಗಿರುತ್ತದೆ. ಮೊದಲಿನ ಎರಡರಿಂದ ಹಣ ಹೋಗುತ್ತದೆ. ಮೂರನೆಯದರಿಂದ ಇಂಜಿನ್ನೇ ಹೋದೀತು. ಹೊಂದದ ಸೆಂಡರ್ ಕೆಟ್ಟು ಸುಮ್ಮನಿರುವುದಿಲ್ಲ, ನಂಬುವಂಥ ಸುಳ್ಳು ಹೇಳುತ್ತದೆ.

ವಿದ್ಯುತ್ ಗೇಜಿನ ಮುಳ್ಳಿಗೆ ಎಣ್ಣೆಯ ಸಂಗತಿ ಏನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನೊಳಗೆ ಹರಿಯುವ ಕರೆಂಟ್ ಮಾತ್ರ. ಆ ಕರೆಂಟ್ ಎಷ್ಟಿರಬೇಕೆಂದು ನಿರ್ಧರಿಸುವುದು ಇಂಜಿನ್ ಬ್ಲಾಕಿಗೆ ತಿರುಚಿದ ಸೆಂಡರ್. ಸೇರಿನಲ್ಲಿ ಅಳೆದದ್ದನ್ನು ಪಾವಿನ ಲೆಕ್ಕದಲ್ಲಿ ಬರೆದುಕೊಂಡರೆ ಅಕ್ಕಿ ಎಷ್ಟಿದ್ದರೂ ಲೆಕ್ಕ ತಪ್ಪುತ್ತದೆ. ಸೆಂಡರ್ ಮತ್ತು ಗೇಜ್ ಒಂದೇ ಅಳತೆಯ ಜೋಡಿ. ಬಿಡಿಬಿಡಿಯಾಗಿ ಕೊಳ್ಳುವ ಸಾಮಾನಲ್ಲ.

ವಿದ್ಯುತ್ತೇ ಇಲ್ಲದ ಗೇಜ್ ಇದಕ್ಕಿಂತ ಹಿಂದಿನದು. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡಾನ್ ಪೇಟೆಂಟ್ ಪಡೆದ ಕೊಳವೆಯೇ ಅದರ ಜೀವ. ಜಾತ್ರೆಯಲ್ಲಿ ಮಾರುವ ಸುರುಳಿ ಪೀಪಿಯನ್ನು ಊದಿದರೆ ಕಾಗದ ಬಿಚ್ಚಿಕೊಂಡು ನೆಟ್ಟಗಾಗುತ್ತದಲ್ಲ, ಹಾಗೆಯೇ. ಚಪ್ಪಟೆ ಹೊಟ್ಟೆಯ ಬಾಗಿದ ಲೋಹದ ಕೊಳವೆಯೊಳಗೆ ಒತ್ತಡ ಏರಿದರೆ ಅದರ ಹೊಟ್ಟೆ ದುಂಡಗಾಗಲು ನೋಡುತ್ತದೆ, ಬಾಗು ಬಿಚ್ಚಿಕೊಳ್ಳುತ್ತದೆ, ತುದಿಗೆ ಕಟ್ಟಿದ ಮುಳ್ಳು ತಿರುಗುತ್ತದೆ. ಉಗಿ ಯಂತ್ರಗಳಿಗಾಗಿ ಹುಟ್ಟಿದ ಇದು ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಡ್ಯಾಶ್‌ಬೋರ್ಡಿನಲ್ಲೂ ಇತ್ತು. ಎಣ್ಣೆಯೇ ಸಣ್ಣ ಕೊಳವೆಯಲ್ಲಿ ಮುಳ್ಳಿನ ತನಕ ಬರುವುದರಿಂದ ಇಲ್ಲಿ ಅನುವಾದದ ತಕರಾರಿಲ್ಲ. ತಕರಾರು ಇರುವುದು ತಾಮ್ರದ ಕೊಳವೆಯಲ್ಲಿ. ವರ್ಷಾನುಗಟ್ಟಲೆ ನಡುಗಿದ ತಾಮ್ರ ಗಡುಸಾಗಿ ಒಂದು ದಿನ ಸೀಳುತ್ತದೆ, ಬಿಸಿ ಎಕ್ಸಾಸ್ಟ್ ಮೇಲೆ ಎಣ್ಣೆ ಚಿಮ್ಮಿದರೆ ಬೆಂಕಿ. ಹೊಸ ಕೊಳವೆ ಹಾಕುವಾಗ ಇಂಜಿನ್ ಮತ್ತು ಬಾಡಿಯ ನಡುವೆ ಒಂದೆರಡು ಸುತ್ತು ಸುರುಳಿ ಬಿಡುವುದು ಅದಕ್ಕೇ.

ವಿದ್ಯುತ್ ಗೇಜುಗಳಲ್ಲಿ ಅತ್ಯಂತ ಸೊಗಸಾದದ್ದು, ಅತ್ಯಂತ ಹೆಚ್ಚು ಅಪಾರ್ಥಕ್ಕೊಳಗಾದದ್ದೂ ಹೌದು, 1940ರ ದಶಕದ ಅಮೆರಿಕದ ಫೋರ್ಡ್‌ಗಳಲ್ಲಿದ್ದ ಕಿಂಗ್-ಸೀಲಿ ಕಂಪನಿಯ ಜೋಡಿ. ಅದರ ಸೆಂಡರಿನೊಳಗೆ ಎರಡು ಕಾಂಟ್ಯಾಕ್ಟ್ ಬಿಂದುಗಳಿವೆ. ಒಂದನ್ನು ಎಣ್ಣೆಯ ಒತ್ತಡ ತೆಳು ತಗಡಿನ ಮೂಲಕ ಮೇಲಕ್ಕೆ ನೂಕುತ್ತದೆ. ಇನ್ನೊಂದು ಕೂತಿರುವುದು ಎರಡು ಲೋಹ ಬೆಸೆದ ಪಟ್ಟಿಯ ಮೇಲೆ; ಆ ಪಟ್ಟಿಗೆ ಸಣ್ಣ ತಂತಿ ಸುತ್ತಿದೆ. ಕರೆಂಟ್ ಹರಿದರೆ ತಂತಿ ಬಿಸಿಯಾಗುತ್ತದೆ, ಪಟ್ಟಿ ಬಾಗುತ್ತದೆ, ಬಿಂದುಗಳು ಬಿಟ್ಟುಕೊಳ್ಳುತ್ತವೆ. ತಣ್ಣಗಾದರೆ ಮತ್ತೆ ಕೂಡುತ್ತವೆ. ಇಸ್ತ್ರಿ ಪೆಟ್ಟಿಗೆಯ ದೀಪ ಹೊತ್ತಿ ಆರುವುದು, ಟ್ಯೂಬ್‌ಲೈಟಿನ ಸ್ಟಾರ್ಟರ್ ಮಿನುಗುವುದು ಇದೇ ನಿಯಮದಲ್ಲಿ. ಎಣ್ಣೆಯ ಒತ್ತಡ ಹೆಚ್ಚಿದಷ್ಟೂ ಬಿಂದುಗಳು ಬಿಗಿಯಾಗಿ ಅಂಟಿರುತ್ತವೆ. ಬಿಡಿಸಲು ಹೆಚ್ಚು ಶಾಖ ಬೇಕು, ಅಂದರೆ ಸರಾಸರಿ ಕರೆಂಟ್ ಹೆಚ್ಚಬೇಕು. ಅದೇ ಕರೆಂಟ್ ಗೇಜಿನೊಳಗಿನ ಇನ್ನೊಂದು ಪಟ್ಟಿಯನ್ನೂ ಬಿಸಿ ಮಾಡಿ ಮುಳ್ಳನ್ನು ಎಳೆಯುತ್ತದೆ.

ಬಾವಿಯಿಂದ ಕೊಡಗಟ್ಟಲೆ ಸೇದಿ ಸೋರುವ ತೊಟ್ಟಿಗೆ ಸುರಿಯುವುದನ್ನು ನೆನೆಸಿಕೊಳ್ಳಿ. ನೀರು ಬರುವುದು ಕೊಡಕೊಡವಾಗಿ, ತೊಟ್ಟಿಯ ಮಟ್ಟ ಮಾತ್ರ ಹೆಚ್ಚುಕಮ್ಮಿ ಸ್ಥಿರ. ಗೇಜಿನ ಪಟ್ಟಿ ಆ ತೊಟ್ಟಿ. ಬ್ಯಾಟರಿ ವೋಲ್ಟೇಜ್ ಏರಿತೆನ್ನಿ, ಅದು ಕೊಡ ದೊಡ್ಡದಾದ ಹಾಗೆ. ಆದರೆ ಸೆಂಡರಿನ ಪಟ್ಟಿಯೂ ಬೇಗ ಬಿಸಿಯಾಗಿ ಬೇಗ ಬಿಡುವುದರಿಂದ ಸೇದುವ ಸಲ ಕಡಿಮೆಯಾಗುತ್ತದೆ. ತೊಟ್ಟಿಯ ಮಟ್ಟ ಅಲ್ಲೇ ನಿಲ್ಲುತ್ತದೆ! ಟ್ರಾನ್ಸಿಸ್ಟರ್ ಇಲ್ಲದ ಕಾಲದಲ್ಲಿ ಎರಡು ಲೋಹದ ತುಂಡುಗಳಿಂದ ವೋಲ್ಟೇಜಿನ ಏರಿಳಿತವನ್ನು ಅಳಿಸಿಹಾಕಿದ ಈ ಉಪಾಯ ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ.

ಇಂಥ ಸೆಂಡರಿಗೆ ಮಲ್ಟಿಮೀಟರ್ ಹಿಡಿದು ಓಮ್ (ರೆಸಿಸ್ಟೆನ್ಸಿನ, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಎಷ್ಟೆಂದು ನೋಡಿ "ಕೆಟ್ಟಿದೆ" ಎನ್ನುವುದು ತಪ್ಪು. ಅದಕ್ಕೆ ಒತ್ತಡಕ್ಕೆ ತಕ್ಕಂತೆ ಬದಲಾಗುವ ರೆಸಿಸ್ಟೆನ್ಸೇ ಇಲ್ಲ. ಅದೇ ಜಾತಿಯ ಗೇಜ್, ಸರಿಯಾದ ವೋಲ್ಟೇಜಿನ ಬ್ಯಾಟರಿ, ತಿಳಿದ ಒತ್ತಡ, ಈ ಮೂರೂ ಇದ್ದರೆ ಮಾತ್ರ ಪರೀಕ್ಷೆ.

ಆಮೇಲಿನ ಬಹುಪಾಲು ಸೆಂಡರುಗಳು ರೆಸಿಸ್ಟೆನ್ಸ್ ಬದಲಾಗುವಂಥವು. ಒತ್ತಡ ತಗಡನ್ನು ನೂಕುತ್ತದೆ, ತಗಡಿಗೆ ಕಟ್ಟಿದ ಸಣ್ಣ ಕೈ ತಂತಿಸುರುಳಿಯ ಮೇಲೆ ಜಾರುತ್ತದೆ. ಇವುಗಳಲ್ಲಿ ಮೂರು ಅಳತೆಗಳು ಮತ್ತೆಮತ್ತೆ ಎದುರಾಗುತ್ತವೆ. ಸ್ಟುವರ್ಟ್-ವಾರ್ನರ್ ಮಾದರಿಯ ಅಮೆರಿಕನ್ ಗೇಜಿಗೆ ಸೊನ್ನೆಯಲ್ಲಿ 240 ಓಮ್, ತುಂಬಿದಾಗ, ಅಂದರೆ ಪೂರ್ಣ ಒತ್ತಡದಲ್ಲಿ, 33. ಫೋರ್ಡ್ ಮತ್ತು ಕ್ರೈಸ್ಲರ್‌ಗಳ 5 ವೋಲ್ಟಿನ ಗೇಜುಗಳಿಗೆ ಸುಮಾರು 73ರಿಂದ 10. ಯುರೋಪಿನ ವಿಡಿಒ ಕಂಪನಿಯ ಜೋಡಿಯಲ್ಲಿ ದಿಕ್ಕೇ ತಿರುಗುಮುರುಗು: ಸೊನ್ನೆಯಲ್ಲಿ 10, ತುಂಬಿದಾಗ ಸುಮಾರು 180.

240–33ರ ಗೇಜಿಗೆ ವಿಡಿಒ ಸೆಂಡರ್ ಹಾಕಿದರೆ ನಿಂತ ಇಂಜಿನ್ನಿನಲ್ಲೇ ಮುಳ್ಳು ತುದಿ ದಾಟಿ ಹೋಗುತ್ತದೆ, ಇಂಜಿನ್ ಓಡಿದರೆ ಇಳಿಯುತ್ತದೆ. ಈ ತಪ್ಪು ಕಣ್ಣಿಗೆ ಬೀಳುವುದರಿಂದ ಅಪಾಯ ಕಡಿಮೆ. ನಿಜವಾದ ಅಪಾಯ ಒಂದೇ ಕಂಪನಿಯ, ಒಂದೇ ಓಮ್‌ಗಳ, ಬೇರೆ ಶ್ರೇಣಿಯ ಸೆಂಡರಿನದು. 10 ಬಾರ್ (ಬಾರ್ ಒತ್ತಡದ ಒಂದು ಅಳತೆ) ಗೇಜಿಗೆ 5 ಬಾರ್ ಸೆಂಡರ್ ಕೂತರೆ ಥ್ರೆಡ್ ಸರಿ, ಸೊನ್ನೆ ಸರಿ, ಮುಳ್ಳು ಏರುವ ಚಂದವೂ ಸರಿ. ಓದು ಮಾತ್ರ ಇಮ್ಮಡಿ. 1 ಬಾರಿನಲ್ಲಿ ಒಣಗುತ್ತಿರುವ ಇಂಜಿನ್ 2 ಬಾರ್ ತೋರಿಸುತ್ತದೆ, ಚಾಲಕ ನೆಮ್ಮದಿಯಿಂದ ಓಡಿಸುತ್ತಾನೆ. ಸೆಂಡರಿನ ಷಡ್ಕೋನದ ಮೇಲೆ ಅಚ್ಚೊತ್ತಿದ ಸಂಖ್ಯೆಯನ್ನು ಎಣ್ಣೆ ಒರೆಸಿ ಓದುವುದು ಇದಕ್ಕಾಗಿ. ವಿಡಿಒ ಸೆಂಡರಿನ ಎರಡು ಪಿನ್ನುಗಳಲ್ಲಿ ಜಿ ಎಂದಿರುವುದು ಗೇಜಿಗೆ, ಡಬ್ಲ್ಯುಕೆ ಎಂದಿರುವುದು ಕೆಂಪು ದೀಪಕ್ಕೆ. ದೀಪದ ಸ್ವಿಚ್ಚನ್ನೇ ಗೇಜಿಗೆ ಜೋಡಿಸಿದರೆ ಮುಳ್ಳು ಈ ತುದಿಗೋ ಆ ತುದಿಗೋ ಹಾರುತ್ತದೆಯೇ ಹೊರತು ನಡುವೆ ನಿಲ್ಲುವುದಿಲ್ಲ.

"ಒಂದು ರೆಸಿಸ್ಟರ್ ಸೇರಿಸಿದರೆ ಹೊಂದುತ್ತದೆ" ಎಂಬ ನಂಬಿಕೆಯೂ ಬಲವಾಗಿದೆ. ಲೆಕ್ಕ ಹಾಕಿ ನೋಡೋಣ. 73–10ರ ಗೇಜಿಗೆ 240–33ರ ಸೆಂಡರ್ ಹಾಕಿ, ಸೊನ್ನೆಯಲ್ಲಿ 73 ಓಮ್ ಬರುವಂತೆ ಸಮಾಂತರವಾಗಿ 105 ಓಮ್ ಜೋಡಿಸಿದೆವು. ಸೊನ್ನೆ ಸರಿಹೋಯಿತು. ತುಂಬಿದಾಗಿನ 33 ಓಮ್ ಅದರೊಂದಿಗೆ ಸೇರಿ 25 ಆಗುತ್ತದೆ, ಗೇಜ್ ಕೇಳುವುದು 10. ಪೂರ್ಣ ಒತ್ತಡವಿದ್ದರೂ ಮುಳ್ಳು ಅರ್ಧದ ಆಸುಪಾಸಿನಲ್ಲೇ ಉಳಿಯುತ್ತದೆ. ಒಂದು ರೆಸಿಸ್ಟರ್ ಒಂದು ಬಿಂದುವನ್ನು ಸರಿಪಡಿಸುತ್ತದೆ, ಅಷ್ಟೇ. ಇನ್ನೊಂದು ತೊಡಕೂ ಇದೆ: 240–33ರ ಜೋಡಿಯಲ್ಲಿ ಅರ್ಧಕ್ಕೆ ಬರಬೇಕಾದ್ದು ನಡುವಿನ 136 ಅಲ್ಲ, ಸುಮಾರು 103. ನೇರ ಗೆರೆಯಲ್ಲದ ಈ ಓಟವನ್ನು ಹೊಂದಿಸಲು ಬಿಂದುಬಿಂದುವಾಗಿ ಕಲಿಸಬಲ್ಲ ಪುಟ್ಟ ಎಲೆಕ್ಟ್ರಾನಿಕ್ ಮಾಡ್ಯೂಲ್ ಬೇಕು. ಇಲ್ಲವೇ ಹಳೆಯ ಡಯಲ್ ಉಳಿಸಿಕೊಂಡು ಒಳಗಿನ ಯಂತ್ರವನ್ನೇ ಹೊಸ ಸೆಂಡರಿನ ಜಾತಿಗೆ ಬದಲಿಸಬೇಕು. ಸರಿಯಾದ ಸೆಂಡರ್ ಸಿಗುವಂತಿದ್ದರೆ ಎರಡೂ ಬೇಡ.

ಕೈಯಲ್ಲಿರುವ ಗೇಜ್ ಯಾವ ಜಾತಿಯದೆಂದು ಕಾಗದಪತ್ರ ಇಲ್ಲದೆಯೂ ತಿಳಿಯಬಹುದು. ಸೆಂಡರಿನ ವೈರ್ ಕಿತ್ತು ಇಗ್ನಿಷನ್ ಹಾಕಿ. ಮುಳ್ಳು ಕೆಳಗೇ ಉಳಿದರೆ ಅಮೆರಿಕನ್ ದಿಕ್ಕು, ಮೇಲಿನ ತುದಿಗೆ ಹೋದರೆ ವಿಡಿಒ ದಿಕ್ಕು. ವೈರನ್ನು ನೇರ ಅರ್ತಿಗೆ ಹಿಡಿಯುವುದು ಬೇಡ. ಪಟ್ಟಿಯ ಗೇಜುಗಳಲ್ಲಿ ಒಳಗಿನ ತಂತಿ ಸುಡುತ್ತದೆ. ಬದಲಿಗೆ 10, 33, 68, 100, 220 ಓಮ್‌ಗಳ 5 ವ್ಯಾಟ್ ರೆಸಿಸ್ಟರುಗಳನ್ನು ತನ್ನಿ (ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ), ವೈರಿಗೂ ಅರ್ತಿಗೂ ನಡುವೆ 220ರಿಂದ ಶುರುಮಾಡಿ ಒಂದೊಂದಾಗಿ ಹಿಡಿದು ಮುಳ್ಳು ನಿಂತ ಜಾಗ ಬರೆದಿಡಿ. ಪಟ್ಟಿಯ ಗೇಜಿಗೆ ಪ್ರತಿಸಲವೂ ಒಂದು ನಿಮಿಷ ಕೊಡಿ, ಅದು ಬಿಸಿಯಾಗಿ ನೆಲೆಗೊಳ್ಳಬೇಕು. ಕಾಲು ವ್ಯಾಟಿನ ಸಣ್ಣ ರೆಸಿಸ್ಟರ್ ಕೈಯಲ್ಲೇ ಸುಟ್ಟುಹೋಗುತ್ತದೆ.

ಸೆಂಡರನ್ನು ಪ್ರತ್ಯೇಕವಾಗಿ ನೋಡಲು ಒಂದು ಟೀ ಜೋಡಣೆ (ಇಂಗ್ಲಿಷಿನ T ಆಕಾರದ, ಮೂರು ಬಾಯಿಯ ಕೊಳವೆ), ನಂಬಿಕಸ್ಥ ಯಾಂತ್ರಿಕ ಗೇಜ್, ಕಾರಿನ ಟೈರಿಗೆ ಹೊಡೆಯುವ ಪಂಪ್ ಸಾಕು. 0, 20, 40, 60 ಪಿಎಸ್‌ಐಯಲ್ಲಿ (ಟೈರಿನ ಗಾಳಿ ಅಳೆಯುವ ಅದೇ ಒತ್ತಡದ ಅಳತೆ) ಓಮ್ ಬರೆದುಕೊಳ್ಳಿ. ಏರುವಾಗ ಒಂದು ಸಂಖ್ಯೆ, ಇಳಿಯುವಾಗ ಬೇರೆ ಸಂಖ್ಯೆ ಬಂದರೆ ಒಳಗಿನ ಕೈ ಜಿಗುಟಾಗಿದೆ ಎಂದರ್ಥ.

ಆಯಿಲ್ ಗೇಜಿನ ಜೊತೆ ಪೆಟ್ರೋಲ್, ಟೆಂಪರೇಚರ್ ಮುಳ್ಳುಗಳೂ ಒಟ್ಟಿಗೆ ಹೆಚ್ಚು ತೋರಿಸಿದರೆ ಸೆಂಡರಿಗೆ ಕೈ ಹಾಕಲೇಬೇಡಿ. ತಪ್ಪು ವೋಲ್ಟೇಜ್ ಸ್ಟೆಬಿಲೈಸರಿನದು. 1960ರ ದಶಕದ ಬ್ರಿಟಿಷ್ ಕಾರುಗಳ ಸ್ಮಿತ್ಸ್ ಪಟ್ಟಿ ಗೇಜುಗಳಿಗೆ ಅದು ಸರಾಸರಿ 10 ವೋಲ್ಟ್ ಕೊಡಬೇಕು. ಅದರ ಬಿಂದುಗಳು ಅಂಟಿಕೊಂಡರೆ, ಅಥವಾ ಡಬ್ಬಿಯ ಅರ್ತ್ ತುಕ್ಕಿನಿಂದ ಕಡಿದರೆ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಗೇಜಿಗೆ ನುಗ್ಗುತ್ತದೆ. 10 ವೋಲ್ಟ್ ಸ್ಥಿರವಾಗಿ ಕೊಡುವ 7810 ಐಸಿಯಿಂದ ಬದಲಿ ಮಾಡಬಹುದು. ಆದರೆ ಪಾಸಿಟಿವ್ ಅರ್ತಿನ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುವ) ಕಾರಿಗೆ ಅದು ನಡೆಯದು, 79 ಸರಣಿಯದು ಬೇಕು.

ಇನ್ನು ಥ್ರೆಡ್. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ "ಒಂದಂಶ ಎಂಟು" (1/8) ಎಂದು ಕೇಳಿದರೆ ಸಾಲದು. ಅಮೆರಿಕದ ಪೈಪ್ ಥ್ರೆಡ್ ಅಳತೆಯಾದ 1/8 ಎನ್‌ಪಿಟಿಗೆ ಇಂಚಿಗೆ 27 ಸುತ್ತು, 60 ಡಿಗ್ರಿ ಕೋನ. ಬ್ರಿಟನ್ನಿನ ಅಂಥದೇ ಅಳತೆಯಾದ 1/8 ಬಿಎಸ್‌ಪಿಗೆ 28 ಸುತ್ತು, 55 ಡಿಗ್ರಿ. ವಿಡಿಒದ 10 ಮಿಮೀ ಥ್ರೆಡ್ಡಾದ ಎಂ10ಕ್ಕೆ ಸುತ್ತಿಗೆ 1 ಮಿಮೀ. ಎಂಟು ಸುತ್ತುಗಳ ಉದ್ದವನ್ನು ವರ್ನಿಯರ್‌ನಲ್ಲಿ ಹಿಡಿದರೆ ಬಿಎಸ್‌ಪಿ 7.26 ಮಿಮೀ, ಎನ್‌ಪಿಟಿ 7.53, ಎಂ10 ಸರಿಯಾಗಿ 8. ತಪ್ಪಿದ ಜೋಡಿ ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ, "ಕೂತಿತು" ಅನ್ನಿಸುತ್ತದೆ, ಬಿಸಿಯಾದಾಗ ಸೋರುತ್ತದೆ. ಸೋರಿತೆಂದು ಇನ್ನಷ್ಟು ತಿರುಚಿದರೆ ತುದಿಗೆ ಸಣ್ಣಗಾಗುತ್ತ ಹೋಗುವ ಥ್ರೆಡ್ ಬೆಣೆಯಂತೆ ನುಗ್ಗಿ ಬ್ಲಾಕಿನ ಬೀಡು ಕಬ್ಬಿಣವನ್ನು ಸೀಳುತ್ತದೆ. ಸ್ಪ್ಯಾನರ್ ಹಿಡಿಯಬೇಕಾದ್ದು ಷಡ್ಕೋನಕ್ಕೆ. ಸೆಂಡರಿನ ಮೇಲಿನ ಡಬ್ಬಿಯನ್ನು ಹಿಡಿದು ತಿರುಚಿದರೆ ಅದರ ಮಡಿಕೆ ಸಡಿಲಗೊಂಡು ಅಲ್ಲಿಂದಲೇ ಎಣ್ಣೆ ಜಿನುಗುತ್ತದೆ.

ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಹೆಚ್ಚಿನ ಸೆಂಡರುಗಳಿಗೆ ಮೈಯೇ ಅರ್ತ್, ಟೇಪ್ ಅದನ್ನು ಕಡಿಯಬಹುದು. ಮೊದಲೆರಡು ಸುತ್ತು ಬಿಟ್ಟು ದ್ರವ ಸೀಲೆಂಟ್ ತೆಳ್ಳಗೆ ಸವರಿದರೆ ಸಾಕು. ಟೊಮೆಟೊ ಗಾತ್ರದ ವಿಡಿಒ ಸೆಂಡರನ್ನು ಹಿತ್ತಾಳೆ ಅಡಾಪ್ಟರಿನ ತುದಿಯಲ್ಲಿ ನೇತುಹಾಕಿದರೆ ಇಂಜಿನ್ನಿನ ನಡುಕಕ್ಕೆ ಅಡಾಪ್ಟರ್ ಮುರಿಯುತ್ತದೆ. ಹೋಸ್ ಎಳೆದು ಬಾಡಿಗೆ ಕಟ್ಟಿ, ಸೆಂಡರಿನ ಮೈಗೆ ಬೇರೆ ಅರ್ತ್ ವೈರ್ ಕೊಡಿ.

ಕೊನೆಗೆ ಟೀ ಮೂಲಕ ಯಾಂತ್ರಿಕ ಗೇಜನ್ನೂ ಜೊತೆಗಿಟ್ಟು, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಎರಡನ್ನೂ ಓದಿ. ತಣ್ಣನೆಯ ದಪ್ಪ ಎಣ್ಣೆಯಲ್ಲಿ ಎಲ್ಲ ಇಂಜಿನ್ನುಗಳೂ ಆರೋಗ್ಯವಾಗಿಯೇ ಕಾಣುತ್ತವೆ. ಅಂಬಾಸಿಡರಿನ ಹಳೆಯ 1489 ಸಿಸಿ ಇಂಜಿನ್ನಿನ ದಾಯಾದಿಯಾದ, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸರಣಿಯ 1798 ಸಿಸಿ ಇಂಜಿನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ ಐಡಲಿನಲ್ಲಿ 10ರಿಂದ 25 ಪಿಎಸ್‌ಐ, ಓಟದಲ್ಲಿ 50ರಿಂದ 80 ಇರಬೇಕೆನ್ನುತ್ತದೆ ಅದರ ಕೈಪಿಡಿ. ಐಡಲಿನಲ್ಲಿ 15 ಕಂಡು ಗಾಬರಿಯಾಗಿ ಇಂಜಿನ್ ಬಿಚ್ಚಿಸುವವರು ಈ ಸಾಲನ್ನು ಮೊದಲು ಓದಬೇಕು. ಐಡಲ್, 2000, 3000 ಆರ್‌ಪಿಎಂಗಳಲ್ಲಿ ಎರಡು ಗೇಜುಗಳೂ ತೋರಿದ್ದನ್ನು ಸೆಂಡರಿನ ನಂಬರಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಹಿಂಬದಿಗೆ ಅಂಟಿಸಿ. ಹತ್ತು ವರ್ಷದ ಮೇಲೆ ಅದನ್ನು ಬಿಚ್ಚುವವರಿಗೆ ಆ ಚೀಟಿಯೇ ಬೇಕಾಗುತ್ತದೆ.