ಬಿಸಿ ಇಳಿದರೆ ಬೆಲೆಯೂ ಇಳಿಯುತ್ತದೆ: ಕಡಿಮೆ ಕರೆಂಟಿನ ಕಂಪ್ಯೂಟರ್ ಬಂದ ದಾರಿ

ಮೇಲ್ ನೋಡುವುದು, ಲೆಕ್ಕ ಬರೆದಿಡುವುದು, ನಾಲ್ಕು ಪುಟ ಟೈಪ್ ಮಾಡುವುದು, ಒಂದು ವಿಡಿಯೋ ನೋಡುವುದು. ಮಾನಿಟರ್ ಬಿಟ್ಟರೆ ಇವತ್ತು ಇದಕ್ಕೆಲ್ಲ 10–15 ವ್ಯಾಟ್ ಸಾಕು. ಇಪ್ಪತ್ತು ವರ್ಷದ ಹಿಂದೆ ಇದೇ ಕೆಲಸಕ್ಕೆ ನೂರು ವ್ಯಾಟ್ ಸುಡುವ ಡಬ್ಬಿಗಳನ್ನು ಸುಮ್ನೆ ಇಟ್ಟುಕೊಂಡಿದ್ದೆವು.

ಕರೆಂಟ್ ಉಳಿಸಬೇಕು ಅಂತ ಶುರುವಾದ ಕಥೆ ಅಲ್ಲ ಇದು. ಕಾಸು ಉಳಿಸಲು ಶುರುವಾಗಿದ್ದು. 1980ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಏಕಾರ್ನ್ ಎಂಬ ಕಂಪ್ಯೂಟರ್ ಕಂಪನಿ ತನ್ನದೇ ಚಿಪ್ ಮಾಡಲು ಹೊರಟಿತು. ಚಿಪ್ ಬಿಸಿಯಾದರೆ ದುಬಾರಿ ಸೆರಾಮಿಕ್ ಹೊದಿಕೆ ಬೇಕು. ಒಂದು ವ್ಯಾಟ್ ಒಳಗಿದ್ದರೆ ಅಗ್ಗದ ಪ್ಲಾಸ್ಟಿಕ್ ಸಾಕು. ಹೀಗೆ 1985ರ ಏಪ್ರಿಲ್‌ನಲ್ಲಿ ಮೊದಲ ಆರ್ಮ್ ಚಿಪ್ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಸ್ಟೀವ್ ಫರ್ಬರ್ ಹೇಳುವ ಪ್ರಸಂಗ ಸ್ವಾರಸ್ಯವಾಗಿದೆ. ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮೀಟರ್ ಹಾಕಿ ನೋಡಿದರೆ ಸೊನ್ನೆ! ಚಿಪ್ ಮಾತ್ರ ಆರಾಮಾಗಿ ಕೆಲಸ ಮಾಡುತ್ತಿತ್ತು. ಆಮೇಲೆ ಗೊತ್ತಾಯಿತು, ಬೋರ್ಡಿನಲ್ಲಿ ಪವರ್ ಲೈನೇ ಕೂಡಿರಲಿಲ್ಲ. ಬೇರೆ ಸಿಗ್ನಲ್ ತಂತಿಗಳಿಂದ ಸೋರಿ ಬಂದ ಕರೆಂಟಿನಲ್ಲೇ ಅದು ಓಡುತ್ತಿತ್ತು.

ಪಿಸಿ ಲೋಕ ಮಾತ್ರ ಬೇರೆ ದಾರಿ ಹಿಡಿಯಿತು. ಗಿಗಾಹರ್ಟ್ಸ್ ಓಟದಲ್ಲಿ, ಅಂದರೆ ಚಿಪ್‌ನ ವೇಗ ಹೆಚ್ಚಿಸುವ ಪೈಪೋಟಿಯಲ್ಲಿ, ಇಂಟೆಲ್‌ನ 2004ರ ಪೆಂಟಿಯಂ 4 ಚಿಪ್‌ಗಳು 115 ವ್ಯಾಟ್ ಮುಟ್ಟಿದವು. ಮುಂದಿನ ಚಿಪ್ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು. ಆ ಹೊತ್ತಿಗೆ ತೈವಾನಿನ ವಿಯಾ ಕಂಪನಿ 17 ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಬೋರ್ಡ್ ತಂದಾಗಿತ್ತು. ಕೆಲವಕ್ಕೆ ಫ್ಯಾನೂ ಬೇಡ. ನಿಧಾನ ಇದ್ದವು, ನಿಜ. ಆದರೆ ಮನೆಯಲ್ಲೇ ಚಿಕ್ಕ ಕಂಪ್ಯೂಟರ್ ಕಟ್ಟುವ ಚಟ ಅಂಟಿಸಿದ್ದು ಅವೇ.

ಆಮೇಲೆ ಬಡ ದೇಶಗಳ ಮಕ್ಕಳಿಗಾಗಿ ನೂರು ಡಾಲರ್ ಲ್ಯಾಪ್‌ಟಾಪಿನ ಮಾತು ಬಂತು. ಆ ಬೆಲೆ ಕೈಗೆಟುಕಲಿಲ್ಲ, ಆಸೆ ಹುಟ್ಟಿಸಿತು. 2007ರಲ್ಲಿ ಏಸಸ್‌ನ ‘ಈ ಪಿಸಿ’ (Eee PC) ಎಂಬ ಪುಟಾಣಿ ಲ್ಯಾಪ್‌ಟಾಪ್, 2008ರಲ್ಲಿ ಇಂಟೆಲ್‌ನ ಕಡಿಮೆ ಕರೆಂಟಿನ ಚಿಪ್ ಆಟಮ್. ಡೆಸ್ಕ್‌ಟಾಪ್ ಆಟಮ್ 230ಕ್ಕೆ ಬರೀ 4 ವ್ಯಾಟ್. ಆದರೆ ಜೊತೆಗೆ ಕೂರಿಸಿದ್ದ ಹಳೇ ಚಿಪ್‌ಸೆಟ್‌ಗೆ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್‌ಗಳು) 22 ವ್ಯಾಟ್! ಅಸಲಿಗಿಂತ ಬಡ್ಡಿಯೇ ಜಾಸ್ತಿ. ಇಂಟೆಲ್‌ನದೇ ಬೋರ್ಡಿನಲ್ಲಿ ಫ್ಯಾನ್ ಇದ್ದದ್ದು ಪ್ರೊಸೆಸರ್ ಮೇಲಲ್ಲ, ಚಿಪ್‌ಸೆಟ್ ಮೇಲೆ. ಪವರ್ ಸಪ್ಲೈ ಕಥೆಯೂ ಇದೇ. 20 ವ್ಯಾಟ್ ಎಳೆಯುವ ಯಂತ್ರಕ್ಕೆ 500 ವ್ಯಾಟ್ ಸಪ್ಲೈ ಹಾಕಿದರೆ ಕರೆಂಟಿನ ಒಂದಷ್ಟು ಪಾಲು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಲ್ಯಾಪ್‌ಟಾಪ್ ತರದ ಅಡಾಪ್ಟರ್ ಬಂದ ಮೇಲೆ ಇದು ತಪ್ಪಿತು.

2012ರ ಫೆಬ್ರವರಿ 29ಕ್ಕೆ 35 ಡಾಲರಿನ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಬಂತು, ಒಳಗೆ ಅದೇ ಆರ್ಮ್. ಕಲಿಯಲು ಚಿನ್ನದಂಥ ಬೋರ್ಡ್. ದಿನಬಳಕೆಗೆ? 256 ಎಂಬಿ ರ‍್ಯಾಮ್‌ನಲ್ಲಿ ಬ್ರೌಸರ್ ತೆರೆದರೆ ಏದುಸಿರು. 2019ರ ಪೈ 4 ಬರುವವರೆಗೂ ಅದನ್ನು ಮೇಜಿನ ಕಂಪ್ಯೂಟರ್ ಅನ್ನುವುದು ಸ್ವಲ್ಪ ಉತ್ಪ್ರೇಕ್ಷೆಯೇ.

ನನ್ನ ಪ್ರಕಾರ ಆಟ ಬದಲಿಸಿದ್ದು ಕುಗ್ಗಿಸಿಟ್ಟ ವಿಡಿಯೋವನ್ನು ಬಿಡಿಸಿ ತೋರಿಸುವ ಕೆಲಸ ಪ್ರೊಸೆಸರಿನ ಮುಖ್ಯ ಕೋರ್‌ಗಳಿಂದ ಪ್ರತ್ಯೇಕ ಸರ್ಕ್ಯೂಟಿಗೆ ಹೋದದ್ದು, ಆಮೇಲೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಬಂದ ವೇಗದ ಎಸ್‌ಎಸ್‌ಡಿ ಅಗ್ಗವಾದದ್ದು. 2023ರ ಇಂಟೆಲ್ ಎನ್100 ಚಿಪ್ ಇದಕ್ಕೆ ಒಳ್ಳೆ ಉದಾಹರಣೆ. ನಾಲ್ಕು ಕೋರ್, 6 ವ್ಯಾಟ್ ಮಿತಿ. ಎವಿ1 ಅನ್ನುವ ಹೊಸ ಬಗೆಯ ವಿಡಿಯೋವನ್ನೂ ಆ ಸರ್ಕ್ಯೂಟೇ ನೋಡಿಕೊಳ್ಳುತ್ತದೆ.

ಹಾಗಂತ ಹೊಸದೇ ಕೊಳ್ಳಬೇಕಾ? ಆಫೀಸುಗಳಿಂದ ಹೊರಬಿದ್ದ ಅಂಗೈ ಅಗಲದ ಮಿನಿ ಪಿಸಿಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ, ಹಳೇ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಲಿನಕ್ಸ್ ಹಾಕಿಕೊಂಡರೆ ಇನ್ನೂ ವರ್ಷಗಟ್ಟಲೆ ಓಡುತ್ತವೆ. ಅವು ಹೊಸದಕ್ಕಿಂತ 20 ವ್ಯಾಟ್ ಜಾಸ್ತಿ ತಿಂದರೂ, ದಿನಕ್ಕೆ 4 ಗಂಟೆ ಬಳಸಿದರೆ ವರ್ಷಕ್ಕೆ ಹೆಚ್ಚುವುದು ಸುಮಾರು 29 ಯುನಿಟ್. 24 ಗಂಟೆಯೂ ಹಾಕಿಟ್ಟರೆ 175 ಯುನಿಟ್. ಹೀಗೆ ಹಗಲೂ ರಾತ್ರಿ ಹಾಕಿಡುವವರಷ್ಟೇ ಹೊಸ ಚಿಪ್‌ಗೆ ದುಡ್ಡು ಹಾಕಬೇಕು.