ಮಸಿಯಿಂದ ಸೌರಕೋಶಕ್ಕೆ: ಇಂಗಾಲದ ಚೆಂಡು ನಡೆದ ದಾರಿ

1985ರಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಕ್ರೋಟೊ, ಕರ್ಲ್ ಮತ್ತು ಸ್ಮಾಲಿ ತಂಡ ಗ್ರಾಫೈಟನ್ನು ಲೇಸರ್‌ನಿಂದ ಆವಿ ಮಾಡಿ ಹೀಲಿಯಂನಲ್ಲಿ ತಣಿಸಿತು. ದ್ರವ್ಯರಾಶಿ ಪಟ್ಟಿಯಲ್ಲಿ 720ರ ಗೆರೆ ಎದ್ದು ನಿಂತಿತು: ತಲಾ 12 ದ್ರವ್ಯರಾಶಿಯ 60 ಇಂಗಾಲದ ಪರಮಾಣುಗಳು, ಅಂದರೆ ಸಿ60. 12 ಪಂಚಭುಜ, 20 ಷಡ್ಭುಜ ಸೇರಿದ ಫುಟ್‌ಬಾಲ್ ಇದು ಎಂದು ಅವರು ವಾದಿಸಿದರು. 1996ರ ನೊಬೆಲ್ ಬಂದದ್ದೂ ಇದಕ್ಕೇ. ಆದರೆ ಶೀಶೆಗೆ ತುಂಬುವಷ್ಟು ವಸ್ತು ಅವರ ಕೈಯಲ್ಲಿರಲಿಲ್ಲ.

ಅದು ಸಿಕ್ಕಿದ್ದು 1990ರಲ್ಲಿ, ಕ್ರೇಚ್ಮರ್ ಮತ್ತು ಹಫ್‌ಮನ್ ತಂಡದ ಮಸಿಯಲ್ಲಿ. (ಇಂಥದೇ ಮಸಿಯ ವರ್ಣಪಟಲದಲ್ಲಿ ಒಂಟೆ ಡುಬ್ಬದಂಥ ಉಬ್ಬುಗಳನ್ನು ಅವರು ಏಳೆಂಟು ವರ್ಷ ಮೊದಲೇ ಕಂಡು, ಕೊಳೆಯಿರಬೇಕೆಂದು ಬಿಟ್ಟಿದ್ದರು!) ವಿಧಾನ ಸರಳ: ಸುಮಾರು 100 ಟಾರ್ (ವಾತಾವರಣದ ಒತ್ತಡದ ಸುಮಾರು ಎಂಟನೇ ಒಂದು) ಒತ್ತಡದ ಹೀಲಿಯಂನಲ್ಲಿ ಗ್ರಾಫೈಟ್ ಕಡ್ಡಿಗಳಿಗೆ ವಿದ್ಯುತ್ ಹರಿಸಿ ಆವಿ ಮಾಡಿ, ಗೋಡೆಗೆ ಹತ್ತಿದ ಮಸಿಯನ್ನು ಕೆರೆದು ತೆಗೆಯುವುದು. ಒತ್ತಡ ತೀರಾ ಕಡಿಮೆಯಾದರೆ ಆವಿ ಚದುರಿ ಚೆಂಡು ಕಟ್ಟುವ ಮೊದಲೇ ಗೋಡೆ ಸೇರುತ್ತದೆ. ನೀರಾವಿ ಉಳಿದಿದ್ದರೆ ಹೈಡ್ರೋಜನ್ ತೆರೆದ ಅಂಚುಗಳಿಗೆ ಅಂಟಿ, ಪಂಜರ ಮುಚ್ಚದಂತೆ ಮಾಡುತ್ತದೆ.

ಒಳ್ಳೆಯ ಮಸಿಯಲ್ಲಿ ಫುಲರೀನ್ (ಇಂಥ ಇಂಗಾಲದ ಪಂಜರಗಳ ಹೆಸರು) ಸುಮಾರು ಶೇ. 10. ಟೊಲ್ವೀನ್ ಎಂಬ ದ್ರಾವಕದಲ್ಲಿ ನೆನೆಸಿ ಸೋಸಿ, ಸಕ್ರಿಯ ಇದ್ದಿಲು ಮತ್ತು ಸಿಲಿಕಾ ಜೆಲ್ ಬೆರೆಸಿದ ಸ್ತಂಭದ ಮೂಲಕ ಇಳಿಸಿದರೆ ಮೊದಲು ನೇರಳೆ ಬಣ್ಣದ ಸಿ60, ಆಮೇಲೆ 70 ಪರಮಾಣುಗಳ ಕೆಂಪನೆಯ ಸಿ70 ಬರುತ್ತವೆ. ಟೊಲ್ವೀನ್ ಒಂದು ಮಿಲಿಲೀಟರಿಗೆ ಸಿ60 ಕರಗಿಸುವುದು ಸುಮಾರು 3 ಮಿಲಿಗ್ರಾಂ ಮಾತ್ರ. ಕಡಿಮೆ ದ್ರಾವಕ ಸುರಿದರೆ ಅರ್ಧ ಮಾಲು ಮಸಿಯಲ್ಲೇ ಉಳಿಯುತ್ತದೆ.

ಗುಂಡಗಿರುವುದರಿಂದ ಸಿ60 ಒಳ್ಳೆಯ ಕೀಲೆಣ್ಣೆಯಾದೀತೆಂಬ ಆಸೆ ಫಲಿಸಲಿಲ್ಲ. ಕೆಲಸಕ್ಕೆ ಬಂದದ್ದು ಆಕಾರವಲ್ಲ, ಎಲೆಕ್ಟ್ರಾನ್ ಹಸಿವು. ಬೆಂಜೀನ್ ಸುಲಭವಾಗಿ ಪ್ರತಿಕ್ರಿಯಿಸದೆ ಸುಮ್ಮನೆ ಕೂತರೆ, ಇದು ಹಾಗೆ ಕೂರುವುದಿಲ್ಲ. ಎರಡು ಷಡ್ಭುಜ ಕೂಡುವ ಬಂಧದಲ್ಲಿ ಬೇರೆ ಗುಂಪುಗಳನ್ನು ಸೇರಿಸಿಕೊಳ್ಳುತ್ತದೆ, ಆರು ಎಲೆಕ್ಟ್ರಾನ್‌ಗಳವರೆಗೆ ನುಂಗುತ್ತದೆ. 1991ರಲ್ಲಿ ಪೊಟ್ಯಾಸಿಯಂ ಬೆರೆಸಿದಾಗ ಸುಮಾರು 18 ಕೆಲ್ವಿನ್‌ನಲ್ಲಿ ಅತಿವಾಹಕ (ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತು) ಆಯಿತು.

1995ರಲ್ಲಿ ಚೆಂಡಿಗೆ ಎಸ್ಟರ್ ಎಂಬ ರಾಸಾಯನಿಕ ಗುಂಪಿನ ಬಾಲ ಜೋಡಿಸಿದ ಪಿಸಿಬಿಎಂ ಎಂಬ ಅಣು ಬಂತು. ಬಾಲದಿಂದ ಚೆನ್ನಾಗಿ ಕರಗುವ ಅದು, ಬೆಳಕು ಬಿದ್ದಾಗ ಪಾಲಿಮರ್ ಬಿಡುವ ಎಲೆಕ್ಟ್ರಾನ್ ಹಿಡಿದುಕೊಳ್ಳುವ ವಸ್ತುವಾಗಿ ಪಾಲಿಮರ್ ಸೌರಕೋಶಗಳಲ್ಲಿ ಎರಡು ದಶಕ ರಾಜ್ಯವಾಳಿತು. ಕಾಣುವ ಬೆಳಕನ್ನು ಸರಿಯಾಗಿ ಹೀರದೆ ಇರುವುದೇ ಅದರ ಕೊರತೆ. ಕೊನೆಗೆ ಬೇರೆ ಅಣುಗಳು ಆ ಜಾಗ ಹಿಡಿದವು. ಪೆರೋವ್‌ಸ್ಕೈಟ್ ಎಂಬ ಹರಳು ವಸ್ತುವಿನ ಸೌರಕೋಶಗಳಲ್ಲಿ ಮಾತ್ರ ಸಿ60 ಇನ್ನೂ ಬೇಕು: ನಿರ್ವಾತದಲ್ಲಿ ಆವಿ ಮಾಡಿ ಸುಮಾರು 20 ನ್ಯಾನೋಮೀಟರ್ ದಪ್ಪದ ಪದರ ಹಚ್ಚುತ್ತಾರೆ. ಗಾಳಿಯಿಲ್ಲದ ಕಡೆ ಪದರದ ಮೇಲೆ ಗಾಢ ಬೆಳಕು ಬಿದ್ದರೆ ಪಕ್ಕದ ಚೆಂಡುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಅದೇ ಟೊಲ್ವೀನ್ ಸುರಿದರೂ ಅದು ಕರಗುವುದಿಲ್ಲ.